ಬೋಣಿ ಹೊತ್ತಿನ ಉಪ್ಪು

ಅಡುಗೆ ಬಾರದವರ ಬಳಿ ಊಟದ ಬಗ್ಗೆ ಸಿದ್ಧಾಂತಗಳು ಧಾರಾಳವಾಗಿರುತ್ತವೆ. ನನ್ನದು ಇದು: ಕಡಿಮೆ ಕಾಸಿಗೆ ಒಳ್ಳೆಯ ಊಟ ಬೇಕೆಂದರೆ ಬೋರ್ಡು ಓದಬೇಡಿ, ಆಟೋಗಳು ಎಲ್ಲಿ ನಿಂತಿವೆ ನೋಡಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದನ್ನು ತರ್ಕಶಾಸ್ತ್ರ ಮೊದಲ ಪಾಠದಲ್ಲೇ ಕಲಿಸುತ್ತದೆ. ತಳ್ಳುಗಾಡಿಯ ಸುತ್ತ ಖಾಕಿ ಅಂಗಿಗಳು ಕಂಡರೆ ಅಲ್ಲಿ ಒಳ್ಳೆಯ ಸಾರಿದೆ ಎನ್ನುವುದೂ ಅದೇ ಜಾತಿಯ ಊಹೆ. ಮನೆ ಹಾಸನದಲ್ಲಿ, ಪಾಠ ಮಾತ್ರ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಚೂರುಚೂರಾಗಿ. ನನ್ನಂಥ ಅತಿಥಿ ಉಪನ್ಯಾಸಕಿಗೆ ಎಲ್ಲ ಊರಿನಲ್ಲೂ ಹಸಿವಾಗುತ್ತದೆ, ಯಾವ ಊರಿನಲ್ಲೂ ಎಲೆ ಹಾಕಿರುವುದಿಲ್ಲ. ಹಾಗಾಗಿ ಈ ಸಿದ್ಧಾಂತವೇ ನನ್ನನ್ನು ಸಾಕುತ್ತಿತ್ತು.

ಅದನ್ನು ಮುರಿದದ್ದು ಹೊಳೆನರಸೀಪುರದ ರತ್ನಕ್ಕ.

ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒರಗಿಸಿದಂತೆ ಅವಳ ಮುದ್ದೆ ಗಾಡಿ. ಸುತ್ತ ಆಟೋಗಳ ಸಾಲು. ನಾನು ಬಸ್ಸಿಳಿಯುವ ಹೊತ್ತಿಗೆ ಮೊದಲ ಮುದ್ದೆ ಪಾತ್ರೆಯಿಂದ ಏಳುತ್ತಿತ್ತು. ಮೊದಲ ದಿನ ತಟ್ಟೆಗೆ ಸೊಪ್ಪಿನ ಸಾರು ಬಿಟ್ಟು, ಸೌಟು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಎಂಗೈತೆ ಮೇಡಮ್ಮ?"

"ಉಪ್ಪು ಜಾಸ್ತಿಯಾಗಿದೆ ಅಕ್ಕಾ. ಬಾಯಿಗಿಡೋಕಾಗಲ್ಲ."

ಪಕ್ಕದಲ್ಲಿ ತನ್ನ ತಟ್ಟೆಗೆ ಕಾಯುತ್ತಿದ್ದ ಆಟೋ ಸಿದ್ದಣ್ಣ ನನ್ನತ್ತ ತಿರುಗಿದ. "ಅಯ್ಯೋ, ಬುಡ್ತು ಅನ್ನಿ ಮೇಡಂ! ಬೋಣಿ ಒತ್ನಲ್ಲಿ ಅಂಗನ್ಬೋದಾ?"

ಬೋಣಿಯೆಂದರೆ ದಿನದ ಮೊದಲ ವ್ಯಾಪಾರ. ಆಗ ಸಾಲ ಹೇಳುವಂತಿಲ್ಲ, ಚೌಕಾಸಿ ಮಾಡುವಂತಿಲ್ಲ, ಕೊಂಕು ಆಡುವಂತಿಲ್ಲ. ಆಡಿದರೆ ಇಡೀ ದಿನದ ವ್ಯಾಪಾರ ಕೆಡುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಂಬುತ್ತಿರಲಿಲ್ಲ, ಅಷ್ಟೆ. ರತ್ನಕ್ಕ ಸಾರಿಗೆ ಬಿಸಿನೀರು ಹೊಯ್ದಳು, ಬೆಂದ ಕಾಳು ಕಿವುಚಿ ಹಾಕಿದಳು. ಆ ದಿನ ಪಾತ್ರೆ ಖಾಲಿಯಾಯಿತಂತೆ. ಮುಂದಿನ ಸಲ ನಾನು ಹೋದಾಗ ಹೇಳಿದಳು: "ನಿನ್ ಕೈಗುಣ ಸಂದಾಗೈತೆ ಕಣವ್ವ. ನೀನು ಬೋಣಿ ಮಾಡ್ದ್ ದಿನ ಪಾತ್ರೆ ತಳ ಕಾಣ್ತದೆ."

ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆಯನ್ನು ವೇದಿಕೆಯಿಂದ ವೇದಿಕೆಗೆ ಅಟ್ಟಾಡಿಸಿದ್ದ ನಾನು ಈಗ ಸ್ವತಃ ಒಂದು ಶಕುನವಾಗಿದ್ದೆ. ಕೈಗುಣವಲ್ಲ, ಉಪ್ಪು ಸರಿಯಾದದ್ದರ ಗುಣ ಎಂದು ವಾದಿಸಿದೆ. ಅವಳು ನಕ್ಕು ಇನ್ನೊಂದು ಸೌಟು ಬಿಟ್ಟಳು. ಆದರೆ ನಾನಿಲ್ಲದ ದಿನಗಳಲ್ಲಿ ಸಾರು ಉಳಿಯುತ್ತಿತ್ತು. ಬಸ್ ಪ್ರಯಾಣಿಕರು ಒಮ್ಮೆ ತಿಂದು ಇನ್ನೊಮ್ಮೆ ಬರುತ್ತಿರಲಿಲ್ಲ. ಆಟೋದವರು ಮಾತ್ರ ಕದಲಲಿಲ್ಲ.

ಒಂದು ದಿನ ನಾನು ಹೋದಾಗ ಸಾರಿನ ತಳ ಹತ್ತಿ ಸೀದ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ರತ್ನಕ್ಕ ಪಾತ್ರೆಯ ಮೇಲೆಯೇ ಬಗ್ಗಿ ನಿರಾಳವಾಗಿ ಕೈಯಾಡಿಸುತ್ತಿದ್ದಳು. "ಅಕ್ಕಾ, ನಿನಗೆ ವಾಸನೆ ಬರಲಿಲ್ವಾ?" ಎಂದೆ. ಅವಳು ನನ್ನ ತೋಳು ಹಿಡಿದು ಗಾಡಿಯ ಹಿಂದಕ್ಕೆ ಎಳೆದಳು.

"ಜ್ವರ ಬಂದೋಯ್ತಲ್ಲ, ಅವತ್ನಿಂದ ಮೂಗೂ ಸತ್ತೋಯ್ತು, ನಾಲ್ಗೇನೂ ಸತ್ತೋಯ್ತು. ಉಪ್ಪು ಆಕಿದ್ನೋ ಇಲ್ವೋ ಅಂತ ಇನ್ನೊಂದ್ ದಪ ಆಕ್ಬುಡ್ತೀನಿ. ಯಾರ್ಗೂ ಏಳ್ಬ್ಯಾಡ ಕಣವ್ವ. ಗೊತ್ತಾದ್ರೆ ಯಾರು ಉಣ್ಣಕೆ ಬತ್ತಾರೆ? ಈ ಗಾಡಿ ಓದ್ರೆ ನಾನೆಲ್ಲಿಗೋಗ್ಲಿ?"

ಚಮಚದಲ್ಲಿ ಅಳತೆ ಮಾಡಿ ಹಾಕು ಎಂದೆ. "ಅಳ್ತೆ ಮಾಡಕೆ ಅದೇನು ಆಸ್ಪತ್ರೆ ಔಷ್ದಿಯಾ?" ಎಂದು ರೇಗಿದಳು.

ಬೋಣಿ ಗಿರಾಕಿಯನ್ನು ಅವಳು ಯಾಕೆ ಹಾಗೆ ಬಾಯಿ ನೋಡುತ್ತ ಕೇಳುತ್ತಿದ್ದಳೆಂದು ಆಗ ಹೊಳೆಯಿತು. ಅವಳಿಗೆ ಉಳಿದಿದ್ದ ನಾಲಿಗೆ ಆ ಗಿರಾಕಿಯದೊಂದೇ. ಆ ನಾಲಿಗೆಯೋ, ಅವಳ ಒಳ್ಳೆಯದಕ್ಕೆಂದೇ, ದಿನವೂ ಸುಳ್ಳು ಹೇಳುತ್ತಿತ್ತು.

ಗುಟ್ಟು ಒಡೆಯುವಂತಿಲ್ಲ. ಹಾಗಾಗಿ ಬೋಣಿಯನ್ನೇ ಒಡೆಯಲು ಹೊರಟೆ. ಸಿದ್ದಣ್ಣನನ್ನು ಅವನ ಆಟೋದ ಪಕ್ಕದಲ್ಲೇ ಹಿಡಿದೆ.

"ಉಪ್ಪು ಜಾಸ್ತಿಯಿದ್ದರೆ ಜಾಸ್ತಿ ಅಂದರೆ ಏನಾಗತ್ತೆ ಸಿದ್ದಣ್ಣ?"

"ಯಾಪಾರ ಕೆಡ್ತದೆ."

"ಉಪ್ಪು ಜಾಸ್ತಿಯಿದ್ದರೂ ಕೆಡತ್ತಲ್ಲ?"

"ಅದು ಅವ್ಳ ಅಣೆಬರ. ಇದು ನನ್ ಬಾಯಿಂದ ಆಗೋದು. ಆ ಪಾಪ ನಂಗ್ಯಾಕೆ?" ಎಂದವನು ಗಾಡಿ ಸ್ಟಾರ್ಟ್ ಮಾಡಿ ನನ್ನತ್ತ ತಿರುಗಿದ. "ನಿಮ್ಗೇನ್ ಮೇಡಂ, ಏಳ್ಬುಟ್ಟು ಬಸ್ ಅತ್ಕೊಂಡ್ ಓಯ್ತೀರ. ನಾಳೆ ಬೆಳಗೆದ್ದು ಅವ್ಳ ಮುಖ ನೋಡೋರು ನಾವು."

ವಿಷಯ ಬಿಟ್ಟು ಎದುರಾಳಿಯ ಮೇಲೆ ಬಿದ್ದರೆ ಚರ್ಚೆಯಲ್ಲಿ ಅಂಕ ಕಳೆಯುತ್ತಾರೆ. ಮನಸ್ಸಿನಲ್ಲೇ ಅವನ ಅಂಕ ಕಳೆದು, ಗೆದ್ದ ಸಮಾಧಾನದಲ್ಲಿ ಕ್ಲಾಸಿಗೆ ನಡೆದೆ.

ಮುಂದಿನ ಅವಧಿಗೆ ಹೊಳೆನರಸೀಪುರದ ಪಾಠ ಬೇರೊಬ್ಬರಿಗೆ ಹೋಯಿತು. ನನ್ನ ದಿನಗಳೆಲ್ಲ ಅರಕಲಗೂಡು, ಚನ್ನರಾಯಪಟ್ಟಣಗಳ ಪಾಲಾದವು. ರತ್ನಕ್ಕನನ್ನು ನೋಡಿ ಬರಬೇಕೆಂದು ಪ್ರತಿ ವಾರ ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಬಸ್ ಹತ್ತಬೇಕಾಗಿಲ್ಲವಲ್ಲ.

ಕೊನೆಗೊಮ್ಮೆ ಬೇರೇನೋ ಕೆಲಸಕ್ಕೆ ಹೋದೆ. ಗೋಡೆಯ ಮೇಲೆ ಒಲೆಯ ಮಸಿ ಇತ್ತು, ಅದಕ್ಕೆ ಬೆನ್ನು ಮಾಡಿ ಬೈಕುಗಳು ನಿಂತಿದ್ದವು. ಸಿದ್ದಣ್ಣ ಸಿಕ್ಕ.

"ಗಾಡಿ ಮಾರ್ಬುಟ್ಲು. ಯಾವ್ದೋ ಛತ್ರದಲ್ಲಿ ಪಾತ್ರೆ ತೊಳ್ಯಕೋಯ್ತಾಳೆ."

"ಅವಳಿಗೆ ರುಚಿ ತಿಳೀತಿರಲಿಲ್ಲ ಸಿದ್ದಣ್ಣ," ಎಂದೆ. ಇನ್ನು ಮುಚ್ಚಿಡುವುದಕ್ಕೆ ಏನಿತ್ತು?

"ಗೊತ್ತಿತ್ತು ಮೇಡಂ. ನಮ್ಗೆಲ್ಲಾರ್ಗೂ ಗೊತ್ತಿತ್ತು. ಅವ್ಳು ನೊಂದ್ಕೊತಾಳೆ ಅಂತ ಯಾರೂ ಬಾಯ್ಬುಡ್ಲಿಲ್ಲ. ಕಡೇ ದಿನ್ವೂ ನಂದೇ ಬೋಣಿ. ಬಾಯ್ಗಿಕ್ಕಕ್ಕೆ ಆಗ್ಲಿಲ್ಲ. ಎಂಗೈತೆ ಅಂದ್ಲು. ಸಂದಾಗೈತೆ ಕಣಕ್ಕ ಅಂದೆ." ಅವನು ಮೀಟರಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸತೊಡಗಿದ. ಒರೆಸುತ್ತಲೇ ಇದ್ದ.

ಹಾಸನದ ಬಸ್ಸಿನಲ್ಲಿ ಕೂತು ಲೆಕ್ಕಕ್ಕೆ ಸಿಗದ್ದನ್ನು ತರ್ಕಕ್ಕೆ ಹಾಕಿದೆ. ಆಟೋಗಳಿದ್ದವು, ಒಳ್ಳೆಯ ಸಾರಿರಲಿಲ್ಲ. ಹೊಗೆಯಿತ್ತು, ಬೆಂಕಿ ಆರಿತ್ತು. ಆ ಖಾಕಿ ಅಂಗಿಗಳು ರುಚಿಗಾಗಿ ನಿಂತಿರಲೇ ಇಲ್ಲ. ಅವರ ಸುಳ್ಳು ಅವಳ ಗಾಡಿಯನ್ನು ಮುಳುಗಿಸಿತು, ಇದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಸುಳ್ಳು ಹೇಳಿದವರು ಆ ಉಪ್ಪನ್ನು ನುಂಗುತ್ತ ಕಡೆಯ ದಿನದವರೆಗೂ ಅವಳ ಮುಂದೆ ನಿಂತಿದ್ದರು. ನಿಜ ಹೇಳಿದವಳು ಬೇರೆ ಊರಿನಲ್ಲಿದ್ದಳು. ವಾದದಲ್ಲಿ ನಾನೇ ಗೆದ್ದಿದ್ದೆ. ತೀರ್ಪು ಕೇಳಲು ಮಾತ್ರ ಅಲ್ಲಿರಲಿಲ್ಲ.

ಮೊನ್ನೆ ಅರಕಲಗೂಡಿನಲ್ಲಿ ಒಂದು ಹೊಸ ಇಡ್ಲಿ ಗಾಡಿ ಕಂಡೆ. ಹತ್ತಿರ ಒಂದು ಆಟೋನೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಹಬೆಯ ಹಿಂದೆ ನಿಂತು ನಾನು ಮೊದಲ ತುತ್ತು ಇಡುವುದನ್ನೇ ಕಾಯುತ್ತಿದ್ದರು. "ಎಂಗೈತಕ್ಕ? ಇವತ್ತೇ ಸುರು ಮಾಡಿರದು, ನಿಮ್ದೇ ಬೋಣಿ," ಎಂದಳು ಹೆಂಡತಿ.

ಇಡ್ಲಿ ಮೆತ್ತಗಿತ್ತು. "ಚಟ್ನಿಗೆ ಉಪ್ಪು ಸಾಲದು," ಎಂದೆ. ಗಂಡನ ಮುಖ ಸಣ್ಣದಾಯಿತು. ಹೆಂಡತಿ ಒಂದು ಚಿಟಿಕೆ ಹಾಕಿ ಕದಡಿ ಮತ್ತೆ ಬಡಿಸಿದಳು. ಆದರೂ ಅವಳ ಕಣ್ಣಲ್ಲಿ ನಾನು ಆ ದಿನವನ್ನು ಕೆಡಿಸಿದವಳೇ.

ಮರುದಿನ ನನಗೆ ಅರಕಲಗೂಡಿನಲ್ಲಿ ಕ್ಲಾಸಿರಲಿಲ್ಲ. ಆದರೂ ಹಾಸನದಿಂದ ಮೊದಲ ಬಸ್ಸು ಹತ್ತಿದೆ. ಎರಡು ಇಡ್ಲಿಗಾಗಿ ಅಷ್ಟು ದೂರ ಹೋಗುವುದು ಅಗ್ಗದ ಊಟ ಹೇಗಾಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ವಾದವಿಲ್ಲ.