ಬೆರಕೆ ಗಾಡಿ, ತಲೆ ಮುಟ್ಟಿದ ಆಣೆ

ಚಂದ್ರು, ಬಿಳಿಕೆರೆಯ ಹೋಟೆಲಿನ ಮುಂದೆ ಅವತ್ತು ಸುಳ್ಳು ಹೇಳಿದವಳು ನಾನು, ನೀನಲ್ಲ. ನನ್ನ ತಮ್ಮ ಲೋಕೇಶನ ಹಳೆಯ ಇಟಲಿ ಬೈಕಿಗೆ ಹೊಸ ಪೀಳಿಗೆಯ ಗಾಡಿಯ ಭಾಗ ಕೂರಿಸಿದ್ದು ನಾನೇ. ಅದನ್ನು ನನ್ನ ಕೈಗೆ ಕೊಟ್ಟವನು ನೀನು. ಇಷ್ಟೆಲ್ಲ ಗೊತ್ತಿದ್ದೂ ಅಷ್ಟು ಜನರೆದುರು ನಿನ್ನನ್ನು ಸುಳ್ಳುಗಾರ ಮಾಡಿದೆ. ಈ ಮಾತನ್ನು ನಿನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾನು ಸುಳ್ಳು ಹೇಳಿದ್ದು ಎಲ್ಲರೆದುರು — ನಿಜವನ್ನೂ ಎಲ್ಲರೂ ಓದಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಭಾಗ ಹಾಕಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುತ್ತಿಲ್ಲ. ನಾಳೆ ಅದೇ ಗಾಡಿ ಅದೇ ಸ್ಥಿತಿಯಲ್ಲಿ ಬಂದರೆ ಅದನ್ನೇ ಹಾಕುತ್ತೇನೆ. ಯಾರಿಗೆ ಏನನ್ನಿಸುತ್ತದೋ ಅನ್ನಿಸಲಿ. ನನ್ನ ತಪ್ಪು ಇರುವುದು ನನ್ನ ಲೇತ್‌ನಲ್ಲಲ್ಲ, ನನ್ನ ನಾಲಿಗೆಯಲ್ಲಿ.

ನಾನು ಯಾರೆಂದು ಓದುವವರಿಗೆ ಹೇಳಬೇಕಲ್ಲ. ಹುಣಸೂರಿನಲ್ಲಿ ಅಪ್ಪನ ಕಾಲದಿಂದ ಬಂದ, ಕಬ್ಬಿಣ ಕಡೆಯುವ ಲೇತ್ ಅಂಗಡಿ ನನ್ನದು. ಕೆ.ಆರ್. ನಗರದ ಅಕ್ಕಿ ಗಿರಣಿಗಳ ಶಾಫ್ಟು, ಪಿರಿಯಾಪಟ್ಟಣದ ಕಡೆಯ ಟ್ರ್ಯಾಕ್ಟರುಗಳ ಪಿನ್ನು — ಸವೆದದ್ದನ್ನು ಸರಿಮಾಡುವುದು, ಸಡಿಲವಾದದ್ದಕ್ಕೆ ಸಂದು ತುಂಬುವ ಲೋಹದ ಬಳೆ, ಅಂದರೆ ಬುಷ್, ಕಡೆದು ಕೊಡುವುದು ನನ್ನ ಕಸುಬು. ಹೆಂಗಸು ಲೇತ್ ಮುಂದೆ ನಿಂತದ್ದು ಕಂಡು ಮೊದಲು ಜನ ನಕ್ಕರು. ನಕ್ಕವರೇ ಆಮೇಲೆ ಸವೆದ ಶಾಫ್ಟು ಹೊತ್ತುಕೊಂಡು ಬಾಗಿಲಿಗೆ ಬಂದರು. ತಮ್ಮ ಲೋಕೇಶ ಗಾವಡಗೆರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ಅವನಿಗೆ ಇರುವ ಹುಚ್ಚು ಒಂದೇ, ಆ ಕೆಂಪು ಬೈಕು. ಮೈಸೂರಿನವರೊಬ್ಬರು ಸಾಕಾಗಿ ಕೈಬಿಟ್ಟದ್ದನ್ನು ತಂದು, ಒಂದು ನಟ್ಟೂ ಬದಲಾಗದ ಹಾಗೆ ಸಾಕಿಕೊಂಡಿದ್ದ. ಚಂದ್ರು ಹಂಪಾಪುರದವನು. ನನ್ನ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ದೊಡ್ಡ ಬೈಕುಗಳ ರಿಪೇರಿ ಮಾಡುತ್ತಿದ್ದ. ಇವನದೂ ಲೋಕೇಶನ ಗಾಡಿಯಂಥದೇ ಹಳೆಯ ಮಾದರಿ, ಆದರೆ ಅಪಘಾತವಾಗಿ ಗುಜರಿ ಸೇರಿದ್ದ ಹೊಸ ಪೀಳಿಗೆಯ ಗಾಡಿಯೊಂದರ ಚಕ್ರ, ಬ್ರೇಕು, ಮುಂದಿನ ಚಕ್ರ ಹಿಡಿಯುವ ಫೋರ್ಕು ಎಲ್ಲ ತಂದು ಅದಕ್ಕೆ ಹೊಂದಿಸಿದ್ದ.

ಅದಕ್ಕೆ ಲೋಕೇಶ ಇಟ್ಟ ಹೆಸರು 'ಬೆರಕೆ ಗಾಡಿ'. ಬೆರಕೆ ಸೊಪ್ಪಿನ ಸಾರು ಮಾಡಿದರೆ ಇನ್ನೊಂದು ಮುದ್ದೆ ಹಾಕು ಎನ್ನುವ ಮನುಷ್ಯ, ಗಾಡಿಯ ವಿಷಯ ಬಂದರೆ ಮಾತ್ರ ಆ ಪದವನ್ನು ಉಗಿದ ಹಾಗೆ ಆಡುತ್ತಿದ್ದ! ಏನು ಬೆರಕೆ? ಚಂದ್ರು, ನೀನು ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ತುರುಕುವವನಾಗಿರಲಿಲ್ಲ. ಹೊಸದರ ಆಕ್ಸಲ್ ದಪ್ಪ, ಹಾಗಾಗಿ ಹಳೆಯ ಫೋರ್ಕಿಗೆ ಅದರ ಚಕ್ರವೊಂದನ್ನೇ ಹಾಕಲು ಬರುವುದಿಲ್ಲ, ಫೋರ್ಕನ್ನೂ ತರಬೇಕು. ಫೋರ್ಕು ತಂದರೆ ಬ್ರೇಕೂ ಅದರದ್ದೇ ಆಗಬೇಕು — ಒಂದು ಬದಲಾಯಿಸಿದರೆ ಅದರ ಬೆನ್ನಿಗೆ ಇನ್ನೇನೇನು ಬರುತ್ತದೆಂದು ಲೆಕ್ಕ ಹಾಕಿಯೇ ನೀನು ಕೈ ಹಾಕುತ್ತಿದ್ದೆ. ಇಟಲಿಯ ಕಾರ್ಖಾನೆಯವರೇ ಹಳೆಯ ಇಂಜಿನ್ನಿನ ಎಷ್ಟೋ ಭಾಗಗಳನ್ನು ಹೊಸ ಗಾಡಿಯೊಳಗೆ ಇಟ್ಟು ಮಾರಿದರು. ಅವರು ಮಾಡಿದರೆ ಸುಧಾರಣೆ, ಹುಣಸೂರಿನಲ್ಲಿ ನಾವು ಮಾಡಿದರೆ ಬೆರಕೆ! ಈ ಮಾತನ್ನು ಅವತ್ತೇ ಲೋಕೇಶನ ಮುಖಕ್ಕೆ ಹೇಳಬೇಕಾಗಿತ್ತು. ಹೇಳಲಿಲ್ಲ.

ಹೊಗೆಸೊಪ್ಪು ಹದ ಮಾಡುವ ದಿನಗಳು. ಸೊಪ್ಪು ಒಣಗಿಸುವ ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಲೋಕೇಶ ಅದರ ಮಗ್ಗುಲು ಬಿಟ್ಟು ಏಳುವ ಹಾಗಿಲ್ಲ. ಹ್ಯಾಂಡಲ್ ಯಾಕೋ ಬಿಗಿ ಎಂದು ಗಾಡಿಯನ್ನು ನನ್ನಲ್ಲಿ ಬಿಟ್ಟು ಹೋಗಿದ್ದ. ಮುಂಭಾಗ ಬಿಚ್ಚಿದೆ. ಫೋರ್ಕಿನ ಎರಡೂ ಕಾಲುಗಳನ್ನು ಹಿಡಿದಿರುವ ಭಾಗಕ್ಕೆ ನಾವು 'ಟಿ' ಎನ್ನುತ್ತೇವೆ. ಅದರ ನಡುವಿನ ಕೊಳವೆ ಗಾಡಿಯ ಚೌಕಟ್ಟಿನೊಳಗೆ ಹೂತಿರುತ್ತದೆ, ಹೊರಗಿನಿಂದ ಯಾರಿಗೂ ಕಾಣದು. ಆ ಕೊಳವೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಓಡುವಾಗ ಅದು ಮುರಿದರೆ ಮುಂದಿನ ಚಕ್ರ ಒಂದು ಕಡೆ, ಸವಾರ ಇನ್ನೊಂದು ಕಡೆ. ಕೊಡಗಿನ ಕಡೆಗೆ ಹೋಗುವ ತಿರುವುಗಳಲ್ಲಿ ಅವನು ಹೇಗೆ ಓಡಿಸುತ್ತಾನೆಂದು ನನಗೆ ಗೊತ್ತಿಲ್ಲವೇ?

ಲೋಕೇಶನಿಗೆ ಫೋನ್ ಮಾಡಿ, ಕೊಳವೆ ಬಿರುಕು ಬಿಟ್ಟಿದೆ, ಒರಿಜಿನಲ್ ಎಲ್ಲೂ ಸಿಗುವುದಿಲ್ಲ, ಹೊಸ ಗಾಡಿಯದ್ದು ಹೊಂದಿಸುತ್ತೇನೆ ಎಂದೆ.

"ಬ್ಯಾರೇದ್ ಹಾಕುದ್ರೆ ನಿನ್ ಅಂಗ್ಡಿ ಮೆಟ್ಲು ತುಳಿಯಾಕಿಲ್ಲ ಕಣಕ್ಕ. ವೆಲ್ಡಿಂಗ್ ಮಾಡಿ ಕೊಡು," ಎಂದ.

ವೆಲ್ಡಿಂಗ್! ಆ ಜಾಗದಲ್ಲಿ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಹೇಳಿದರೆ ಕೇಳುವ ಆಸಾಮಿಯೇ ಅವನು? ನಾನು ನಿನ್ನ ಶೆಡ್ಡಿಗೆ ಬಂದೆ, ಚಂದ್ರು. ಹೊಸ ಗಾಡಿಯ ಕೊಳವೆಯನ್ನು ನೀನು ನಿನ್ನ ಗಾಡಿಗೇ ಎಂದು ಎತ್ತಿಟ್ಟುಕೊಂಡಿದ್ದೆ. ಯಾಕೆ ಏನು ಎಂದು ಕೇಳದೆ ಕೊಟ್ಟೆ. ಬೇರಿಂಗಿನ ಅಳತೆ ಒಂದೇ ಇತ್ತು, ಬುಡ ಮಾತ್ರ ಸಣ್ಣದು. ನಾನು ಉಕ್ಕಿನ ಬುಷ್ ಕಡೆದು, ಪ್ರೆಸ್‌ನಲ್ಲಿ ಒತ್ತಿ ಹಳೆಯ 'ಟಿ'ಗೇ ಕೂರಿಸಿದೆ. ಮೇಲಿನಿಂದ ನೋಡಿದರೆ ಎಲ್ಲವೂ ಹಳೆಯದೇ. ಲೋಕೇಶ ಬಂದು ಹ್ಯಾಂಡಲ್ ತಿರುಗಿಸಿ, "ಬೆಣ್ಣೆ ಬೆಣ್ಣೆ ಆಗ್ಯದೆ ಕಣಕ್ಕ, ಇದಪ್ಪಾ ಒರಿಜಿನಲ್ಲು ಅಂದ್ರೆ," ಎಂದ. ನಾನು ಬಾಯಿ ಬಿಡಲಿಲ್ಲ. ನೀನೂ ಬಿಡಬೇಡ ಎಂದು ನಿನಗೆ ಹೇಳಿದ್ದೆ. ಆಗಲಿ ಅಕ್ಕ ಎಂದಿದ್ದೆ ನೀನು.

ಇನ್ನು ಆ ಭಾನುವಾರ — ಬರೆಯಲು ಕೈ ಹಿಂದೆಗೆಯುತ್ತದೆ, ಆದರೂ ಬರೆಯುತ್ತೇನೆ. ಮೈಸೂರಿನ ಬೈಕಿನವರು ಬಿಳಿಕೆರೆಯ ಹೋಟೆಲಿನಲ್ಲಿ ತಿಂಡಿಗೆ ನಿಲ್ಲುತ್ತಾರಲ್ಲ, ಅಲ್ಲಿಗೆ ಲೋಕೇಶ ನನ್ನನ್ನೂ ಕರೆದುಕೊಂಡು ಹೋಗಿದ್ದ. ಗಾಡಿ ಇಷ್ಟು ಚೆನ್ನಾಗಿರುವುದು ನಮ್ಮಕ್ಕನ ಕೈಯಿಂದ ಎಂದು ತೋರಿಸುವ ಆಸೆ. ನೀನೂ ಬಂದಿದ್ದೆ. ಅವರಲ್ಲಿ ಹಲವರು ತಮ್ಮ ಗಾಡಿಗಳನ್ನು ನಿನಗೆ ಒಪ್ಪಿಸುವ ಮಾತಾಡುತ್ತಿದ್ದರು. ಲೋಕೇಶನಿಗೆ ಅದನ್ನು ಸಹಿಸಲಾಗಲಿಲ್ಲ. ಇವನ ಕೈಗೆ ಕೊಟ್ಟರೆ ನಿಮ್ಮ ಗಾಡಿಯೂ ಬೆರಕೆಯಾಗುತ್ತದೆ ಎಂದು ನಕ್ಕ. ಎಲ್ಲರೂ ನಕ್ಕರು. ನೀನೂ ನಗುತ್ತಲೇ, "ನಿನ್ ಗಾಡೀಲೂ ಬೆರಕೆ ಅದೆ ಕಣ್ಲಾ, ಅದುಕ್ಕೇ ನೆಟ್ಟಗೆ ಓಡ್ತಾ ಅದೆ," ಎಂದೆ.

ತಮಾಷೆಗೆ ಬಾಯಿ ತಪ್ಪಿ ಬಂದ ಮಾತು. ಲೋಕೇಶನ ಮುಖ ಕೆಂಪಾಯಿತು. ಎದ್ದು ಬಂದವನೇ ನನ್ನ ತಲೆಯ ಮೇಲೆ ಅಂಗೈ ಇಟ್ಟ.

"ನಮ್ಮಕ್ಕನ್ ತಲೆ ಮುಟ್ಟಿ ಯೇಳ್ತೀನಿ. ಒಂದ್ ಬುಷ್ಷೂ ಬೆರಕೆ ಇಲ್ಲ. ಯೇಳಕ್ಕ ನೀನೇ."

ನಮ್ಮ ಕಡೆ ತಲೆ ಮುಟ್ಟಿ ಆಣೆ ಮಾಡುವುದೆಂದರೆ ಏನು ಎಂದು ಬಲ್ಲವರು ಬಲ್ಲರು. ಆಣೆ ಸುಳ್ಳಾದರೆ ಕೇಡು ಬರುವುದು ಆಣೆ ಮಾಡಿದವನಿಗಲ್ಲ, ಯಾರ ತಲೆ ಮುಟ್ಟಿದನೋ ಅವರಿಗೆ. ಅದಕ್ಕೇ ಹೆತ್ತವರ, ಮಕ್ಕಳ, ಒಡಹುಟ್ಟಿದವರ ತಲೆಯನ್ನು ಸುಮ್ಮಸುಮ್ಮನೆ ಯಾರೂ ಮುಟ್ಟುವುದಿಲ್ಲ. ಪಾಪ, ಅವನು ಮನಸಾರೆ ನಂಬಿ ಮುಟ್ಟಿದ್ದ. ನೀನು ನನ್ನನ್ನು ನೋಡಿದೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೇಳಿಬಿಡಿ ಅಕ್ಕ ಎಂಬ ಕೇಳಿಕೆ ಮಾತ್ರ ಇತ್ತು. ನಾನು ಹೇಳಿದೆ —

"ಅವ್ನ್ ಯೇಳಿದ್ದೇ ನಿಜ. ಬೆರಕೆ ಇಲ್ಲ."

"ಆಯ್ತು ಬುಡಿ ಅಕ್ಕ," ಎಂದೆ ನೀನು. ಅಷ್ಟೇ. ಅರ್ಧ ತಿಂದ ಇಡ್ಲಿ ಬಿಟ್ಟು ಎದ್ದು ಹೋದೆ.

ತಮ್ಮ ನಿಜ ಗೊತ್ತಾದರೆ ಆ ಕೊಳವೆ ಕಿತ್ತು ಬಿರುಕು ಬಿಟ್ಟದ್ದನ್ನೇ ಹಾಕಿಕೊಂಡಾನು ಎಂಬ ಹೆದರಿಕೆಗೆ ಹಾಗೆ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ, ಆದರೂ ಕೇಳು. ಅಲ್ಲಿದ್ದವರೆಲ್ಲ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಒರಿಜಿನಲ್ ಉಳಿಸಿಕೊಡುವ ಲೇತ್ ಅಕ್ಕ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಹಿತವಾಗಿತ್ತು, ಚಂದ್ರು. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಆಮೇಲೆ ಲೋಕೇಶ ಹೋದಲ್ಲೆಲ್ಲ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳುವ ಮೆಕ್ಯಾನಿಕ್ಕು ಎಂದು ನಿನ್ನ ಹೆಸರು ಹೇಳಿಕೊಂಡು ತಿರುಗಿದ. ಆ ಬೈಕಿನವರು ನಿನ್ನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೊದಲಿದ್ದ ಗಿರಾಕಿಗಳೂ ಒಬ್ಬೊಬ್ಬರಾಗಿ ಜಾರಿಕೊಂಡರು. ನೀನು ಬಾಗಿಲು ಹಾಕಿ, ನಿನ್ನ ಗಾಡಿ ಮಾರಿ ಹಂಪಾಪುರಕ್ಕೆ ಹೋದೆ. ಶೆಡ್ಡು ಖಾಲಿಯಾಗುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಿನ್ನ ಕಸುಬು ಉಳಿಯುತ್ತಿತ್ತು. ನನ್ನ ತಲೆಗಂತೂ ಏನೂ ಆಗಲಿಲ್ಲ, ಗುಂಡುಕಲ್ಲಿನ ಹಾಗೆ ಇದ್ದೇನೆ. ಕೇಡು ತಟ್ಟಿದ್ದು ನಿನಗೆ.

ಈಚೆಗೊಂದು ದಿನ ಸಂತೆಯಲ್ಲಿ ನೀನು ಸಿಕ್ಕೆ. ಗೂಡ್ಸ್ ಆಟೋದಿಂದ ಶುಂಠಿ ಮೂಟೆ ಇಳಿಸುತ್ತಿದ್ದೆ. ಬಯ್ಯುತ್ತೀಯೆಂದು ಕಾದು ನಿಂತೆ. ಬಯ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು! ಬೆವರು ಒರೆಸಿಕೊಂಡು ನೀನು ಕೇಳಿದ್ದು ಇಷ್ಟೇ:

"ಲೋಕೇಶನ್ ಗಾಡಿ ಹ್ಯಾಂಡ್ಲು ಅದುರ್ತದಾ ಅಕ್ಕ? ಆ ಬುಷ್ಷು ಸವುದಿದ್ರೂ ಸವುದಿರ್ಬೋದು, ಒಂದ್ ಕಿತ ಬಿಚ್ಚಿ ನೋಡಿ."

ನಿನ್ನ ಅನ್ನ ಕಿತ್ತುಕೊಂಡವರ ಜೀವದ ಚಿಂತೆ ನಿನಗೆ! ಮನೆಗೆ ಬಂದು ಅತ್ತುಬಿಟ್ಟೆ. ಮರುದಿನವೇ ಲೋಕೇಶನಿಗೆ ಗಾಡಿ ತರಲು ಹೇಳಿ, ಅವನ ಕಣ್ಣೆದುರೇ ಮುಂಭಾಗ ಬಿಚ್ಚಿದೆ. ಕೊಳವೆ, ಬುಷ್ ಎರಡನ್ನೂ ಬೆಂಚಿನ ಮೇಲಿಟ್ಟೆ, ಪಕ್ಕದಲ್ಲಿ ಬಿರುಕು ಬಿಟ್ಟ ಹಳೆಯದು. ಎಲ್ಲ ಹೇಳಿದೆ. ಅವನು ಬಿರುಕಿನ ಮೇಲೆ ಉಗುರು ಆಡಿಸಿ ನೋಡಿದ. ಬೆರಕೆಗಾಗಿ ಕೂಗಾಡುತ್ತಾನೆ ಎಂದುಕೊಂಡಿದ್ದೆ.

"ಬೆರಕೆ ಆಗಿದ್ರೆ ಆಗ್ಲಿ ಬುಡಕ್ಕ. ನನ್ ಕೈಲಿ ಸುಳ್ಳಾಣೆ ಯಾಕ್ ಮಾಡುಸ್ದೆ? ಅದೂ ನಿನ್ ತಲೆ ಮ್ಯಾಲೆ? ನಿಂಗೇನಾರಾ ಆಗಿದ್ರೆ ನಾನೇನ್ ಮಾಡ್ಬೇಕಿತ್ತು ಯೇಳು?" ಎಂದ. ಮರುಗಳಿಗೆಯೇ ರೇಗಿದ. "ಮದ್ಲು ತೆಗ್ದಾಕು ಅದ್ನ. ಗಾಡಿ ಒಳಿಕ್ಕೆ ಹಾಕ್ಬ್ಯಾಡ."

"ಹಾಕೇ ಹಾಕ್ತೀನಿ ಕಣ್ಲಾ. ಹಳೇದು ಬೇಕಾದ್ರೆ ಗ್ವಾಡೆಗೆ ನೇತಾಕ್ಕೊ," ಎಂದೆ. ಅವನು ಎದ್ದು ಹೋದ. ಬುಷ್ ಸ್ವಲ್ಪವೂ ಸವೆದಿರಲಿಲ್ಲ, ಆದರೂ ಹೊಸದೊಂದು ಕಡೆದೆ. ಗಾಡಿ ಜೋಡಿಸಿಟ್ಟಿದ್ದೇನೆ. ಅವನು ಇನ್ನೂ ಬಂದಿಲ್ಲ. ಬರಲಿ, ಬರದಿರಲಿ. ನಿನ್ನ ಬಗ್ಗೆ ಆಡಿದ ಮಾತನ್ನು ಅವನೂ ವಾಪಸು ತೆಗೆದುಕೊಳ್ಳಬೇಕು, ಅದನ್ನಂತೂ ನಾನು ಬಿಡುವುದಿಲ್ಲ.

ಹೋದ ಭಾನುವಾರ ಒಬ್ಬಳೇ ಬಸ್ಸು ಹತ್ತಿ ಬಿಳಿಕೆರೆಗೆ ಹೋದೆ. ಬೈಕುಗಳು ಸಾಲಾಗಿ ನಿಂತಿದ್ದವು. ಚೀಲದಿಂದ ಬಿರುಕಿನ ಕೊಳವೆ ತೆಗೆದು ಅವರ ತಿಂಡಿ ತಟ್ಟೆಗಳ ನಡುವೆ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ — ಲೋಕೇಶನ ಗಾಡಿಗೆ ಬೆರಕೆ ಹಾಕಿದ್ದು ನಾನು, ಸುಳ್ಳು ಹೇಳಿದ್ದು ನಾನು, ಚಂದ್ರು ಹೇಳಿದ್ದು ನಿಜ. ಅವರು ನನ್ನನ್ನು ಉಗಿಯುತ್ತಾರೆಂದು ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವರು ಮುಖ ಮುಖ ನೋಡಿಕೊಂಡರು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಮನುಷ್ಯನೇ ಚಟ್ನಿ ಬಡಿಸಿಕೊಳ್ಳುತ್ತಾ ಕೇಳಿದ:

"ಯಾವ ಚಂದ್ರು, ಅಕ್ಕ?"