‘ಹಸ್ನಾ’ ಅನ್ನುವ ಮಾತು ಕಲಿತದ್ದು

ಆಗ ನನಗೆ ಹದಿನಾಲ್ಕು. ಅರವತ್ತು ವರ್ಷದ ಹಿಂದಿನ ಮಾತು. ಕಮತಗಿಯಿಂದ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು.

ನಮ್ಮಪ್ಪ ಅರಳೆ ಹಿಂಜುವವನು. ನಾವೂ ಮುಸಲ್ಮಾನರೇ, ಆದರೆ ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ. ಗಂಡನ ಮನೆಯಲ್ಲಿ ಹಿಂದೂಸ್ತಾನಿ. ಅವರಿಗೆ ಕನ್ನಡ ಬರುತ್ತಿರಲಿಲ್ಲ ಅಂತಲ್ಲ. ಸೀರೆ ಮಾರುವಾಗ ಚೆನ್ನಾಗಿಯೇ ಬರುತ್ತಿತ್ತು. ನನ್ನ ಹತ್ತಿರ ಆಡಬಾರದು ಅಂತ ಅತ್ತೆ ಕಟ್ಟು ಮಾಡಿದ್ದಳು. ಹಾಗಾದರೆ ಬೇಗ ಕಲಿಯುತ್ತೇನಂತೆ. ನಾನು ಅವರ ಮಾತಿನಲ್ಲಿ ನೀರು ಕೇಳಿದರೂ ನಗುತ್ತಿದ್ದರು. ಅತ್ತೆ ನಗುವಳು, ಮೈದುನ ನಗುವನು, ಗಂಡ ಗೋಡೆಗೆ ಮುಖ ಮಾಡಿ ನಗುವನು. ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ.

ನನ್ನ ವಾರಿಗೆಯ ನಾದಿನಿ ಒಬ್ಬಳೇ ಕದ್ದು ಕನ್ನಡ ಆಡುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಕೊಂಡಿ ಹಾಕುತ್ತಿದ್ದೆವು. ಸೀರೆಯ ಸೆರಗಿನ ಎಳೆ ಬೇರೆ, ಒಡಲಿನ ಎಳೆ ಬೇರೆ. ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸಿಕ್ಕಿಸಿ ಸೇರಿಸಬೇಕು, ಒಂದೊಂದೇ.

“ನಗೂದಕ್ಕ ಹಸ್ನಾ ಅಂತಾರ, ಭಾಬಿ. ಅವರು ನಕ್ಕರ ‘ಮತ್ ಹಸೋ’ ಅನ್ನು. ನಗಬ್ಯಾಡ್ರಿ ಅಂದಂಗ.”

“ನನ್ನ ಬಾಯಿಂದ ಅದು ಹೊಂಡೂದಿಲ್ಲವ್ವಾ.”

“ಹೊಂಡತೈತಿ. ನಾ ನಗ್ತೇನಿ, ನೀ ಬೈ.”

ಅವಳು ಕೋತಿಯ ಹಾಗೆ ಹಲ್ಲು ಕಿಸಿದಳು. ನಾನು ಅಂದೆ. “ಇಷ್ಟ ಮೆತ್ತಗ ಅಂದ್ರ ಬೆಕ್ಕೂ ಹೆದರಂಗಿಲ್ಲ” ಅಂದಳು. ಎಂಟು ದಿನ ಅದೊಂದನ್ನೇ ಕಲಿತೆ.

ಆಮೇಲೆ ಕಮತಗಿಯಿಂದ ಒಬ್ಬ ಬಂದ. ಅವ್ವನಿಗೆ ಉಸಿರಾಡಲು ಆಗುತ್ತಿಲ್ಲ, ಉಳಿಯುವ ಹಾಗಿಲ್ಲ, ಮಗಳನ್ನು ನೋಡಬೇಕು ಅನ್ನುತ್ತಾಳೆ ಅಂದ. ಬೀಗಿತಿ ಸಾಯುತ್ತಿದ್ದಾಳೆ ಅಂತಷ್ಟೇ ಅತ್ತೆಯಿಂದ ಕೇಳಿ ಮಾವ ಒಪ್ಪಿದ. ಮರುದಿನ ಹುನಗುಂದದ ಮೇಲೆ ಕಮತಗಿಗೆ ಹೋಗುವ ನೂಲಿನ ಗಾಡಿಯಲ್ಲಿ ನನ್ನನ್ನು ಕಳಿಸುವುದು ಅಂತಾಯಿತು.

ಆ ಮನೆಯಲ್ಲಿ ಸೊಸೆ ಒಂದು ಮಗು ಹೆರುವ ತನಕ ಮಾವನ ಎದುರು ಮಾತಾಡುವಂತಿಲ್ಲ. ಹೇಳುವುದಿದ್ದರೆ ಅತ್ತೆಯ ಕಿವಿಯಲ್ಲಿ ಹೇಳಬೇಕು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತ ಮಾವ, ಬೀಗಿತಿಗೆ ಏನು ರೋಗ ಅಂತ ಅತ್ತೆಯನ್ನು ಕೇಳಿದ. ಊರಿಗೆ ಹೋಗುವ ಆತುರದಲ್ಲಿ ನಾನೇ ಹೇಳಹೋದೆ. ಉಸಿರಿಗೆ ಅವರು ಏನನ್ನುತ್ತಾರೋ ಗೊತ್ತಿರಲಿಲ್ಲ. ಎದೆಯ ಮೇಲೆ ಕೈ ಇಟ್ಟು ತೇಕಿ ತೋರಿಸಿದೆ.

“ಬಕರಿ!” ಅಂದ ಮೈದುನ. ಮೇಕೆ ಅಂತ. ಎಲ್ಲರೂ ನಕ್ಕರು. ಮಾವನೂ ನಕ್ಕ, ತುತ್ತು ನೆತ್ತಿಗೇರುವ ಹಾಗೆ.

ನಾನು ಮಾವನ ಮುಖ ನೋಡಿಯೇ ಅಂದೆ: “ಮತ್ ಹಸೋ!”

ಒಂದು ಅಕ್ಷರ ತಪ್ಪಿರಲಿಲ್ಲ. ನಗು ನಿಂತಿತು. ಮಾವ ಅರ್ಧ ಊಟದಲ್ಲಿ ತಾಟಿನಲ್ಲೇ ಕೈ ತೊಳೆದ. ನನಗೆ ತಿಳಿಯದೆ ಹೋಗಬಾರದು ಅಂತ ಅವತ್ತು ಮೊದಲ ಸಲ ನನ್ನ ಹತ್ತಿರ ಕನ್ನಡ ಆಡಿದ.

“ಗಾಡಿ ನಾಳೆ ಹೋಗ್ತೈತಿ. ನೀ ಹೋಗಂಗಿಲ್ಲ.”

ನಾದಿನಿ ಅವನ ಕಾಲು ಹಿಡಿದಳು. ಅತ್ತೆ ಕೂಡ ಒಂದು ಮಾತು ಹೇಳಿ ನೋಡಿದಳು. ಗಂಡ ಗೋಡೆಗೆ ಮುಖ ಮಾಡಿ ಕೂತ. ಮಾವ ಎದ್ದು ಮಗ್ಗಕ್ಕೆ ಹೋದ.

ಅವ್ವ ಇನ್ನೂ ನಾಲ್ಕು ದಿನ ಇದ್ದಳಂತೆ. ಗಾಡಿಯ ಸದ್ದಾದಾಗಲೆಲ್ಲ ಬಾಗಿಲ ಕಡೆ ತಿರುಗುತ್ತಿದ್ದಳಂತೆ. ಮುಖ ಮುಚ್ಚುವ ಹೊತ್ತಿಗೂ ನಾನಿರಲಿಲ್ಲ. ಗಂಡನ ಮನೆಯ ಮಾತು ಆಮೇಲೆ ಪೂರ್ತಿ ಕಲಿತೆ. ಕಲಿತು ಯಾವ ಸುಖ ಬಂತೋ ಗೊತ್ತಿಲ್ಲ.

ಮಾವ ಹೋಗಬೇಡ ಅಂದ ಮರುದಿನ ಬೆಳಗ್ಗೆ ಓಣಿಯ ಬಾಯಿಗೆ ಹೋಗಿ ನಿಂತೆ. ಗಾಡಿಯವನು ಎತ್ತು ಕಟ್ಟುತ್ತಿದ್ದ. “ಕಾಕಾ, ನಮ್ಮವ್ವಗ ಹೇಳ್ರಿ, ಮಗಳು ಹಿಂದ ಬರೋ ಗಾಡ್ಯಾಗ ಬರಾಕತ್ಯಾಳ ಅಂತ” ಅಂದೆ. ಮನೆಗೆ ಬಂದು ಕಸ ಹೊಡೆದೆ.