ಲತೀಶ ಹೇಳದ ಸುಳ್ಳು

ಕಾಸರಗೋಡಿನ ಬಸ್‌ಸ್ಟ್ಯಾಂಡಿನ ಎದುರು, ಮಾಳಿಗೆಯ ಮೇಲೆ, ಲತೀಶನ ಕಂಪ್ಯೂಟರ್ ರಿಪೇರಿ ಅಂಗಡಿ. ಹದಿನಾಲ್ಕು ವರ್ಷದ ಕಸುಬು; ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದೇ ಲ್ಯಾಪ್‌ಟಾಪಿನಲ್ಲಿ ಕಂಪ್ಯೂಟರ್ ನಡೆಸುವ ಎರಡು ತಂತ್ರಾಂಶಗಳಾದ ವಿಂಡೋಸನ್ನೂ ಲಿನಕ್ಸನ್ನೂ ಕೂರಿಸಬೇಕಾದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. "ಅಣ್ಣ ತಮ್ಮನಿಗೆ ಪಾಲು ಮಾಡಿದ ಹಾಗೆ. ಡಿಸ್ಕಿನ ನಡುವೆ ಒಂದು ಗಡಿ ಹಾಕಿದರೆ ಆಯ್ತು, ಮತ್ತೆ ಜಗಳ ಇಲ್ಲ" ಎನ್ನುತ್ತಿದ್ದ.

ನೆಕ್ರಾಜೆಯ ಸುಬ್ಬಲಕ್ಷ್ಮಿ ಟೀಚರಿಗೂ ಹೀಗೇ ಹೇಳಿದ್ದ. ಅವರು ಟೀಚರಾದ ಮೇಲೆ ಶಾಲೆಯಲ್ಲಿ ಕಂಪ್ಯೂಟರ್ ಕಲಿತದ್ದೂ ಕಲಿಸಿದ್ದೂ ಲಿನಕ್ಸಿನಲ್ಲಿ. ನಿವೃತ್ತರಾದ ಮೇಲೂ ಅದೇ ಬೇಕು. ಆದರೆ ಅಮ್ಮ ಹೇಳಿಕೊಟ್ಟ ತಂಬುಳಿ ಸೊಪ್ಪುಗಳ ಟಿಪ್ಪಣಿ, ನೂರನಲ್ವತ್ತು ಫೋಟೊ, ಎಲ್ಲ ಇದ್ದದ್ದು ವಿಂಡೋಸಿನಲ್ಲಿ. ಅಮ್ಮ ತೀರಿಕೊಂಡು ವರ್ಷವಾಗಿತ್ತು. "ಅದೊಂದು ಜಾಗ್ರತೆ, ಲತೀಶ" ಎಂದು ಲ್ಯಾಪ್‌ಟಾಪು ಕೊಟ್ಟುಹೋದರು. ಬೇರೆಲ್ಲೂ ನಕಲು ಇರಲಿಲ್ಲ. ಇವನು ಕೇಳಲೂ ಇಲ್ಲ.

ಆ ವಾರ ಶಾಲೆಯೊಂದರ ಇಪ್ಪತ್ತು ಲ್ಯಾಪ್‌ಟಾಪು ಬಂದಿದ್ದವು, ಎಲ್ಲವನ್ನೂ ಪೂರ್ತಿ ಅಳಿಸಿ ಲಿನಕ್ಸ್ ಹಾಕುವುದಕ್ಕೆ. ‘ಇಡೀ ಡಿಸ್ಕ್ ಅಳಿಸು’ ಎಂದು ಇಪ್ಪತ್ತು ಸಲ ಒತ್ತಿದ ಬೆರಳು ಇಪ್ಪತ್ತೊಂದನೆಯದಾದ ಟೀಚರ ಲ್ಯಾಪ್‌ಟಾಪಿಗೂ ಅದನ್ನೇ ಒತ್ತಿತು. ರೂಢಿಗೆ ಕಣ್ಣೆಲ್ಲಿ? ಮತ್ತೆ ಆನ್ ಮಾಡಿದಾಗ ‘ಎರಡರಲ್ಲಿ ಯಾವುದು ಬೇಕು’ ಎಂದು ಕೇಳುವ ಪಟ್ಟಿ ಬರಲೇ ಇಲ್ಲ. ನೆಟ್ಟಗೆ ಲಿನಕ್ಸ್ ತೆರೆಯಿತು. ವಿಂಡೋಸೂ ಅದರೊಳಗಿನ ಟಿಪ್ಪಣಿ, ಫೋಟೊಗಳೂ ಹೋಗಿದ್ದವು.

ಪಕ್ಕದ ಮೊಬೈಲ್ ಅಂಗಡಿಯ ಮಂಜ ಉಪಾಯ ಹೇಳಿದ. "ಹಾರ್ಡ್ ಡಿಸ್ಕ್ ಹೋಯ್ತು ಅಂತ ಹೇಳು ಮಾರಾಯ. ಟೀಚರಿಗೆ ಎಂತ ಗೊತ್ತಾಗ್ತದೆ?"

ಗೊತ್ತಾಗುವುದಿಲ್ಲ, ನಿಜ. ಈ ಕಸುಬಿನಲ್ಲಿ ಆ ಸುಳ್ಳಿನಷ್ಟು ಅಗ್ಗದ್ದು ಇನ್ನೊಂದಿಲ್ಲ. ಲತೀಶನೂ ಒಂದೆರಡು ಸಲ ಹೇಳಿದವನೇ. ಈ ಸಲವೂ ಬಾಯಿಪಾಠ ಮಾಡಿಕೊಂಡೇ ಕೂತಿದ್ದ. ಆದರೆ ಮಂಡಿನೋವಿನ ಟೀಚರು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುವುದನ್ನು ನೋಡಿದಾಗ ಎದ್ದು ನಿಂತು ಇದ್ದದ್ದನ್ನೇ ಹೇಳಿದ.

"ಡಿಸ್ಕಿಗೆ ಎಂತದೂ ಆಗಲಿಲ್ಲ ಟೀಚರ್. ನಾನೇ ಅಳಿಸಿದ್ದು. ನೋಡದೆ ಒತ್ತಿದೆ."

"ಆ ಫೋಟೊಗಳಲ್ಲಿ ಅಮ್ಮನ ಕೈ ಉಂಟು, ಸೊಪ್ಪು ಹಿಡಿದದ್ದು" ಎಂದಷ್ಟೇ ಹೇಳಿ ಟೀಚರು ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಇಳಿದುಹೋದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಎಂಟು ದಿನ ಲತೀಶ ಬೇರೆ ಕೆಲಸ ಮುಟ್ಟದೆ, ಅಳಿಸಿದ್ದರಲ್ಲಿ ಏನಾದರೂ ಉಳಿದಿದೆಯೇ ಎಂದು ಆ ಡಿಸ್ಕನ್ನೇ ಜಾಲಾಡಿದ. ತೊಂಬತ್ತೆರಡು ಫೋಟೊ ಸಿಕ್ಕವು, ಹೆಸರಿಲ್ಲದೆ. ಟಿಪ್ಪಣಿ ಒಂದೂ ಸಿಗಲಿಲ್ಲ. ಟೀಚರು ಬಂದು ಪಕ್ಕದಲ್ಲಿ ಕೂತು ಒಂದೊಂದನ್ನೇ ಗುರುತಿಸಿದರು: ಒಂದೆಲಗ, ನೆಕ್ಕರಿಕ, ಕೇಪುಳದ ಕುಡಿ. ನೆನಪಾದಷ್ಟನ್ನು ಹೇಳಿದರು, ಅವನು ಟೈಪ್ ಮಾಡಿದ.

ಮುಂದಿನ ತಿಂಗಳು ಟೀಚರು ಇನ್ನೊಂದು ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟರು. "ತಂಗಿಯದ್ದು. ಅವಳಿಗೂ ಎರಡೂ ಬೇಕಂತೆ."

ಲತೀಶ ಸ್ಟೂಲು ಎಳೆದ. "ನೀವು ಇಲ್ಲೇ ಕೂತು ನೋಡಿ ಟೀಚರ್."

"ಬೇರೆಯವರಾದರೆ ಕೂರ್ತಿದ್ದೆ. ನಂಗೆ ಪೇಟೆಯಲ್ಲಿ ಕೆಲಸ ಉಂಟು" ಎಂದು ಅವರು ಮೆಟ್ಟಿಲಿಳಿದರು.

ಲತೀಶ ಕಣ್ಣೊರೆಸಿಕೊಂಡ. ಆಮೇಲೆ, ಬೇರೆ ಯಾವುದನ್ನೂ ಒತ್ತುವ ಮೊದಲು, ಅದರಲ್ಲಿದ್ದದ್ದನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿದ.